ಮೇಜಿನ ಬಟ್ಟೆಯ ಜೊತೆ ಹೋದದ್ದು

ಹುಮನಾಬಾದ್, ಗುರುವಾರ

ಸಭಾಪಾಲಕರಾದ ಸಾಲೋಮನ್ ಅವರಿಗೆ ಸುವಾರ್ತಮ್ಮನ ವಂದನೆಗಳು.

ಪ್ರಭುಭೋಜನದ ಮೇಜಿನ ಬಟ್ಟೆ ಒಗೆಯುವ ಸೇವೆಯನ್ನು ಇನ್ನು ಬೇರೆ ಯಾರಿಗಾದರೂ ಒಪ್ಪಿಸಿರಿ. ಹೋದ ವಾರ ಒಗೆದ ಗಂಟಿನಲ್ಲಿ ನನ್ನ ಯಜಮಾನರು ಸೊಂಟಕ್ಕೆ ಕಟ್ಟುವ ಬಿಳಿ ಬಟ್ಟೆಯೂ ತಪ್ಪಿ ನಿಮ್ಮ ಮನೆಗೆ ಬಂದಿತ್ತು. ಅದು ಅವರು ಪ್ರಮಾಣ ಮಾಡಿ ಸೇರಿದ ಗುಪ್ತ ಸಂಘದ್ದು. ಅಲ್ಲಿ ಏನು ನಡೆಯುತ್ತದೆಂದು ಅವರು ನನಗೆ ಎಂದೂ ಹೇಳಿಲ್ಲ.

ಗುಪ್ತ ಸಂಘಗಳಲ್ಲಿ ಪ್ರಮಾಣ ಮಾಡಿದವರು ಈ ಮೇಜಿಗೆ ಬರಬಾರದು ಎಂದು ಭಾನುವಾರ ನೀವು ಪ್ರಸಂಗ ಮಾಡಿದಿರಿ. ನನ್ನ ಯಜಮಾನರು ಮೇಜಿಗೆ ಬರಲು ಬೆಂಚಿನಿಂದ ಏಳಲಿಲ್ಲ.

ಸೋಮವಾರ ನೀವೇ ಬಾಗಿಲಿಗೆ ಬಂದು ಬಟ್ಟೆ ಕೊಟ್ಟು, "ಇದು ಏನಂತ ನನಗ ಗೊತ್ತಾಗಲಿಲ್ಲ ನೋಡಮ್ಮ" ಅಂದಿರಿ. ನಾನು ಅದನ್ನು ಟವೆಲಿನಂತೆ ಚೌಕವಾಗಿ ಮಡಚಿದ್ದೆ. ನೀವು ಕೊಟ್ಟಾಗ ಅದು ಮೂರು ಮೂಲೆಯಾಗಿ, ಲಾಡಿ ಒಳಗೆ ಸೇರಿ, ಯಜಮಾನರು ಮಡಚುವ ಹಾಗೆಯೇ ಇತ್ತು. ಆ ಮಡಿಕೆಯನ್ನು ಅವರು ನನಗೂ ಕಲಿಸಿಲ್ಲ. ಸಂಘದವರಲ್ಲದೆ ಯಾರೂ ಹಾಗೆ ಮಡಚಬಾರದಂತೆ.

ಅದನ್ನು ನೋಡಿ ಯಜಮಾನರು ಎದ್ದು ಬಾಗಿಲಿನ ಅಗಳಿ ಹಾಕಿದರು. "ಪಾಸ್ಟರ್ ಹೆಸರು ಬಾಯಾಗ ತರಬ್ಯಾಡ, ನನ್ನ ಜೀವಕ್ಕ ಬರ್ತದ" ಅಂದರು.

ಬಟ್ಟೆ ಹೊರಗೆ ಹೋದದ್ದಕ್ಕೆ ಉತ್ತರ ಕೊಡಲು ಶನಿವಾರ ಸಂಘದವರು ಅವರನ್ನು ಬಸವಕಲ್ಯಾಣಕ್ಕೆ ಕರೆದಿದ್ದಾರೆ. ಅದೇ ದಿನ ನಿಮಗೂ ಅಲ್ಲಿ ಕೆಲಸವಿದೆಯೆಂದು ನಿಮ್ಮ ಮನೆಯವರು ಹೇಳಿದರು. ದಯವಿಟ್ಟು ಸಂಜೆ ಯಜಮಾನರನ್ನು ನಿಮ್ಮ ಗಾಡಿಯಲ್ಲೇ ಕೂರಿಸಿಕೊಂಡು ಬನ್ನಿರಿ.

ಅವರು ಬಾರದಿದ್ದರೆ ಭಾನುವಾರ ಸಭೆಯೆಲ್ಲ ನೋಡುವಂತೆ ಆ ಬಟ್ಟೆಯನ್ನು ಪ್ರಭುಭೋಜನದ ಮೇಜಿನ ಮೇಲೆ ಇಡುತ್ತೇನೆ. ನಿಮ್ಮ ಮಡಿಕೆಯನ್ನು ನಾನಿನ್ನೂ ಬಿಚ್ಚಿಲ್ಲ.

ನಿಮ್ಮ ಸಭೆಯ
ಸುವಾರ್ತಮ್ಮ ದೇವಪುತ್ರ