ಎದೆಗಿಳಿಯುವ ನೆಗಡಿ

ಫೆಬ್ರವರಿ 3, ಸೋಮವಾರ

ಬೆಳಗ್ಗೆಯೇ ಲ್ಯಾಬಿಗೆ ಹದಿನೇಳು ಟ್ಯೂಬು. ಎಲ್ಲವೂ ಮೂಗು ತೊಳೆದ ನೀರು. ಟ್ಯೂಬು ತಿರುಗಿಸುವ ಸೆಂಟ್ರಿಫ್ಯೂಜ್ ಮತ್ತೆ ಗೊರಗೊರ ಎನ್ನುತ್ತಿದೆ. ನನ್ನ ಜೊತೆಗೇ ರಿಟೈರ್ ಆಗುವ ಯೋಚನೆಯೋ ಏನೋ. ಜುಲೈ ಕೊನೆಗೆ ನನಗೆ ಬಿಡುಗಡೆ. ಮೂವತ್ನಾಲ್ಕು ವರ್ಷ ಊರವರ ಮೂಗು ಸೋರಿದ್ದನ್ನೆಲ್ಲ ಶೀಶೆಯಲ್ಲಿ ಹಿಡಿದಿಟ್ಟವಳು ನಾನು.

ಈ ಸಲದ ಸ್ಟಡಿ ಸರಳ. ಆಸ್ತಮಾ ಇರುವ ನೂರಿಪ್ಪತ್ತು ಜನ. ನೆಗಡಿ ಶುರುವಾದ ದಿನದಿಂದಲೇ ಹೊಸ ಸ್ಪ್ರೇ ಎಳೆದುಕೊಳ್ಳಬೇಕು, ಹದಿನಾಲ್ಕು ದಿನ. ಅರ್ಧ ಜನಕ್ಕೆ ನಿಜವಾದ ಮದ್ದು, ಇನ್ನರ್ಧಕ್ಕೆ ಹುಸಿಮದ್ದು. ಯಾರಿಗೆ ಯಾವುದೆಂದು ನಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಪಟ್ಟಿ ಇರುವುದು ಫಾರ್ಮಸಿಸ್ಟ್ ಬೀರುವಿನಲ್ಲಿ. ಶ್ವಾಸನಾಳದ ಊತ ಇಳಿಯಿತೇ ಎಂದು ನೋಡುವುದಷ್ಟೇ ನನ್ನ ಪಾಲಿನ ಕೆಲಸ.

ಹೊಸದಾಗಿ ಸೇರಿದವರಿಗೆ ಡಾಕ್ಟರ್ ಇವತ್ತೂ ಅದೇ ಮಾತು ಹೇಳಿದರು: "ವೈರಸ್ ಬರೀ ಬಾಗಿಲು ಬಡಿಯತ್ತೆ. ಮನೆ ಹಾಳು ಮಾಡೋದು ನಮ್ಮವರೇ." ನಮ್ಮವರು ಎಂದರೆ ಮೈ ಕಾಯುವ ಕಣಗಳು. ಗಾಬರಿಬಿದ್ದು ನಾಳವನ್ನೇ ಊದಿಸಿಬಿಡುತ್ತವೆ... ಈ ಮಾತು ಕೇಳಿದಾಗೆಲ್ಲ ನನಗೆ ಆರು ವರ್ಷದ ತಮ್ಮ ಕಾಣುತ್ತಾನೆ. ಉಸಿರೆಳೆದರೆ ಪಕ್ಕೆಲುಬು ಒಂದೊಂದೂ ಎದ್ದು ಕಾಣುತ್ತಿತ್ತು.

ಫೆಬ್ರವರಿ 5, ಬುಧವಾರ

ತಮ್ಮನ ಫೋನ್.

"ಅಕ್ಕಾ, ಕೂತ್ಕೊಂಡಿದೀಯಾ? ನಿಮ್ಮ ಸ್ಟಡಿಗೆ ಸೇರ್ಕೊಂಡೆ."

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ನಲವತ್ತು ಪುಟ್ಟ ಮೂಗುಗಳ ಮಧ್ಯೆ ಪಾಠ ಮಾಡೋ ಮೇಷ್ಟ್ರು ನಾನು. ನೆಗಡಿ ನನ್ನ ಕ್ಲಾಸಿಗೆ ಬಂದು ಹಾಜರಿ ಹೇಳತ್ತೆ. ನನಗಿಂತ ಒಳ್ಳೆ ಗಿರಾಕಿ ನಿಮಗೆಲ್ಲಿ ಸಿಗ್ತಾನೆ?"

ಬೈದೆ. ನಕ್ಕ. ಐವತ್ನಾಲ್ಕು ವಯಸ್ಸು, ಬುದ್ಧಿ ಮಾತ್ರ ಬೆಳೆಯಲಿಲ್ಲ.

ಡಾಕ್ಟರಿಗೆ ತಕ್ಷಣ ತಿಳಿಸಿದೆ. ಅವನ ನಂಬರಿನ ಟ್ಯೂಬುಗಳು ಇನ್ನು ಎದುರು ಟೇಬಲ್ಲಿಗೆ. ನಾನು ಮುಟ್ಟುವ ಹಾಗಿಲ್ಲ, ರಿಪೋರ್ಟ್ ನೋಡುವ ಹಾಗೂ ಇಲ್ಲ. ಸರಿಯೇ.

ಫೆಬ್ರವರಿ 16, ಭಾನುವಾರ

ರಜೆ. ಬಟ್ಟೆಗೆ ಇಸ್ತ್ರಿ ಹಾಕುತ್ತ ನಿಂತವಳಿಗೆ ಹಳೆಯ ಮನೆ ನೆನಪಾಯಿತು. ಅಪ್ಪನ ಲಾಂಡ್ರಿ, ಅದರ ಮೇಲೆ ನಮ್ಮ ಎರಡು ಕೋಣೆ. ಹಲಗೆಯ ನೆಲದ ಸಂದಿನಿಂದ ಸೋಪಿನ ವಾಸನೆಯ ಹಬೆ ಮೇಲಕ್ಕೆ ಬರುತ್ತಿತ್ತು. ತಮ್ಮನಿಗೆ ಉಬ್ಬಸ ಬಂದಾಗ ಅಮ್ಮ ಆ ಸಂದಿನ ಪಕ್ಕದಲ್ಲೇ ಕುರ್ಚಿ ಹಾಕುತ್ತಿದ್ದಳು. ಅವನು ಕುರ್ಚಿ ಹಿಂದುಮುಂದಾಗಿಸಿ, ಬೆನ್ನಿನ ಹಲಗೆಗೆ ಗದ್ದ ಊರಿ ಕೂರುತ್ತಿದ್ದ. ಆಗಿನ ಮಾತ್ರೆ ನುಂಗಿದರೆ ಎದೆ ಸಡಿಲವಾಗುತ್ತಿತ್ತು, ಕೈ ನಡುಗುತ್ತಿತ್ತು. ಸ್ಲೇಟಿನ ಮೇಲೆ ಅವನ ಅಕ್ಷರಗಳು ಚಳಿ ಹಿಡಿದವರ ಹಾಗೆ.

ಇಸ್ತ್ರಿಯಲ್ಲಿ ಸುಟ್ಟ ದುಪ್ಪಟಿಗಳೆಲ್ಲ ನಮ್ಮ ಹಾಸಿಗೆಗೆ ಬರುತ್ತಿದ್ದವು. ಕಂದು ಕಲೆ ಒಂದೊಂದೂ ಒಂದು ದ್ವೀಪ. ಹೆಸರಿಟ್ಟು, ಬೆರಳನ್ನೇ ದೋಣಿ ಮಾಡಿಕೊಂಡು ಹೋಗುತ್ತಿದ್ದೆವು. ಒಟ್ಟು ಏಳು ದ್ವೀಪ. ಒಂದು ದಿನಕ್ಕೆ ಒಂದೇ ಎಂದು ನಾನೇ ಕಾನೂನು ಮಾಡಿದ್ದೆ.

ಅಮ್ಮನದೂ ಒಂದು ಕಾನೂನಿತ್ತು. ಯಾರಿಗೆ ಸೀನು ಬಂದರೂ ತಮ್ಮನ ಹತ್ತಿರ ಸುಳಿಯಬಾರದು. ನೇರ ದೊಡ್ಡಮ್ಮನ ಮನೆಗೆ ರವಾನೆ.

ಆ ವರ್ಷ... ಬೇಡ. ಇಸ್ತ್ರಿ ಮುಗಿದಿಲ್ಲ.

ಫೆಬ್ರವರಿ 25, ಮಂಗಳವಾರ

ನಿನ್ನೆಯಿಂದ ತಮ್ಮನಿಗೆ ನೆಗಡಿ. ಸ್ಪ್ರೇ ಶುರು ಮಾಡಿದನಂತೆ. ಮೆಸೇಜ್ ಕಳಿಸಿದ್ದಾನೆ: "ಪ್ರಯೋಗ ಪ್ರಾರಂಭ. ವಿಜ್ಞಾನಕ್ಕೆ ಜಯವಾಗಲಿ."

ಫೆಬ್ರವರಿ 28, ಶುಕ್ರವಾರ, ಸಂಜೆ 5

ಮಧ್ಯಾಹ್ನ ಫೋನ್ ಮಾಡಿದೆ. "ಆರಾಮಾಗಿದೀನಿ" ಅಂದ. ಅಷ್ಟೇ. ಮಾತಿಗೆ ಕೂತರೆ ಎದುರಿಗಿದ್ದವರಿಗೆ ಹಸಿವಾಗುವವರೆಗೂ ಬಿಡದವನು ಒಂದು ಪದಕ್ಕೆ ನಿಲ್ಲಿಸಿದರೆ ಅರ್ಥವೇನು? ಎದೆಗೆ ಇಳಿದಿದೆ.

ಮಾಡಬಾರದ್ದು ಮಾಡಿದೆ. ಫಾರ್ಮಸಿಸ್ಟ್ ಮುಂದೆ ಹೋಗಿ ನಿಂತೆ. ಇಪ್ಪತ್ತು ವರ್ಷದ ಗೆಳತಿ, ಒಂದೇ ಡಬ್ಬಿಯಲ್ಲಿ ಉಂಡವರು.

"ಅವನ ಬಾಕ್ಸಲ್ಲಿ ಇರೋದು ನಿಜವಾದ ಮದ್ದಾ? ಬಾಯಲ್ಲಿ ಹೇಳ್ಬೇಡ. ತಲೆ ಆಡಿಸು, ಸಾಕು."

ಅವಳು ತಲೆ ಆಡಿಸಲಿಲ್ಲ. ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ತಲೆ ಆಡಿಸಿದ್ರೆ ಎರಡು ವರ್ಷದ ಕೆಲಸ ನೀರಲ್ಲಿ ಹೋಮ. ಅದು ಹೋಗ್ಲಿ. ನಿನಗೆ ಗೊತ್ತಾದ್ರೆ ಏನು ಬದಲಾಗತ್ತೆ? ಮದ್ದಾಗಿದ್ರೂ ಅಷ್ಟೇ, ಹುಸಿಯಾಗಿದ್ರೂ ಅಷ್ಟೇ. ಉಸಿರು ಕಷ್ಟ ಆದ್ರೆ ಕರ್ಕೊಂಡು ಬಂದು ಮಾತ್ರೆ ಶುರು ಮಾಡ್ಬೇಕು. ಇಲ್ಲಿ ನಿಂತು ಏನು ಮಾಡ್ತಿದೀಯಾ? ಹೋಗು!"

ಹೋದೆ. ನಾಚಿಕೆ ಆಮೇಲೆ ಪಡೋಣ ಎಂದುಕೊಂಡು ಓಡಿದೆ.

ತಮ್ಮನ ಮನೆಯ ಬಾಗಿಲು ತೆಗೆದೇ ಇತ್ತು. ತಮ್ಮ ಕುರ್ಚಿ ಹಿಂದುಮುಂದಾಗಿಸಿ, ಗದ್ದ ಊರಿ ಕೂತಿದ್ದ. ತಲೆ ನರೆತಿದೆ, ಕೂತ ಭಂಗಿ ಮಾತ್ರ ಹಾಗೆಯೇ. ಹೆಂಡತಿ ಫೋನ್ ಹಿಡಿದು ಅಳುತ್ತಿದ್ದಳು. "ಹೇಳಿ ಅಕ್ಕಾ, ಬೆಳಗ್ಗೆಯಿಂದ ಆಸ್ಪತ್ರೆ ಬೇಡ ಅಂತಿದಾರೆ!"

"ಬೇರೆ ಮದ್ದು... ತಗೊಂಡ್ರೆ... ಸ್ಟಡಿ ಹಾಳು," ಅಂದ.

"ನಿನ್ನ ಸ್ಟಡಿಗೆ ಬೆಂಕಿ ಬಿತ್ತು. ಏಳು."

ಕಾರಿನಿಂದಲೇ ಡಾಕ್ಟರಿಗೆ ಫೋನ್. ಅವರು ಒಂದೇ ಮಾತು: "ಜೀವ ಮೊದಲು, ಕರ್ಕೊಂಡು ಬನ್ನಿ." ನೆಬ್ಯುಲೈಸರ್, ಆಕ್ಸಿಜನ್, ಸ್ಟಿರಾಯ್ಡ್ ಮಾತ್ರೆ. ಒಂದೂವರೆ ಗಂಟೆಯ ಮೇಲೆ ಉಗುರಿನ ನೀಲಿ ಇಳಿಯಿತು. ಆಮೇಲೆ ನರ್ಸಿನ ಕನ್ನಡಕದ ಫ್ರೇಮ್ ಚೆನ್ನಾಗಿದೆ ಎಂದ. ಬದುಕಿದ.

ಮಾರ್ಚ್ 4, ಮಂಗಳವಾರ

ತಮ್ಮ ಮನೆಗೆ ಬಂದಿದ್ದಾನೆ. ನೋಡಲು ಹೋದೆ. ಅವನ ಹೆಂಡತಿ ಅಂಗಡಿಗೆ ಹೋಗಿದ್ದಳು. ಹೇಳಿಬಿಟ್ಟೆ.

"ನಿನಗೆ ಆರು ವರ್ಷ ಇದ್ದಾಗ ಅಪ್ಪ ಹೊತ್ಕೊಂಡು ಆಸ್ಪತ್ರೆಗೆ ಓಡಿದ್ರಲ್ಲ, ಆ ನೆಗಡಿ ತಂದೋಳು ನಾನು. ಎರಡು ದಿನ ಸೀನು ನುಂಗ್ಕೊಂಡು ಓಡಾಡಿದ್ದೆ. ಅಮ್ಮಂಗೆ ಹೇಳ್ಲಿಲ್ಲ."

"ಯಾಕೆ?"

"ಹೇಳಿದ್ರೆ ದೊಡ್ಡಮ್ಮನ ಮನೆಗೆ ಕಳಿಸ್ತಿದ್ರು. ನಾವು ಆರನೇ ದ್ವೀಪದ ಹತ್ರ ಇದ್ವಿ."

ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಲೋಟ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದ.

"ಅಮ್ಮ ಸಾಯೋವರೆಗೂ ತನ್ನದೇ ತಪ್ಪು ಅಂದ್ಕೊಂಡಿದ್ಲು ಅಕ್ಕಾ. ಒದ್ದೆ ತಲೇಲಿ ಆಡೋಕೆ ಬಿಟ್ಟೆ ಅಂತ. ಅವಳಿಗಾದ್ರೂ ಹೇಳ್ಬಹುದಿತ್ತು."

ನಲವತ್ತೆಂಟು ವರ್ಷ ತಮ್ಮನಿಗೆ ಹೇಳಲು ಹೆದರಿದೆ, ಅಮ್ಮನ ಬಗ್ಗೆ ಯೋಚಿಸಲೇ ಇಲ್ಲ.

ಎದ್ದು ಹೊರಟೆ. ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಅವನ ದನಿ. "ಆಸ್ಪತ್ರೆಯಿಂದ ಬಂದ್ಮೇಲೆ ಒಂದು ತಿಂಗಳು ನೀನು ಸ್ಕೂಲಿಗೇ ಹೋಗ್ಲಿಲ್ಲ. ನೆನಪಿದೆಯಾ? ನನ್ನ ಪಕ್ಕದಲ್ಲೇ ಕೂತು ಭೂಗೋಳ ಪುಸ್ತಕ ಪೂರ್ತಿ ಓದಿ ಹೇಳ್ದೆ. ಅಷ್ಟು ಖುಷಿಯ ತಿಂಗಳು ನನಗೆ ಮತ್ತೆ ಬರ್ಲಿಲ್ಲ. ನಾನು ಮೇಷ್ಟ್ರಾಗಿದ್ದು ಆಗಲೇ."

ನನಗೆ ನೆನಪಿದ್ದದ್ದು ನನ್ನ ಭಯ ಮಾತ್ರ. ಅದೇ ತಿಂಗಳನ್ನು ಅವನು ಬೇರೆಯೇ ಥರ ನೆನಪಿಟ್ಟುಕೊಂಡಿದ್ದಾನೆ.

"ಕೋಪ ಇದೆ," ಅಂದ. "ನಾಳೆ ಬಾ."

ಜೂನ್ 18, ಬುಧವಾರ

ಪಟ್ಟಿ ತೆರೆದರು. ಮೀಟಿಂಗ್ ರೂಮಿನಲ್ಲಿ ಒಬ್ಬರೂ ಕೆಮ್ಮಲಿಲ್ಲ.

ನಿಜವಾದ ಮದ್ದು ಪಡೆದ ಅರವತ್ತು ಜನರಲ್ಲಿ ಎದೆಗೆ ಇಳಿದದ್ದು ಹನ್ನೊಂದು ಜನಕ್ಕೆ. ಹುಸಿ ಪಡೆದ ಅರವತ್ತರಲ್ಲಿ ಇಪ್ಪತ್ತಾರು. ಪವಾಡವಲ್ಲ. ವೈರಸ್ ಹಾಗೆಯೇ ಇರುತ್ತದೆ, ಮೂಗೂ ಸೋರುತ್ತದೆ. ಒಳಗಿನ ಊತ ಮಾತ್ರ ಕಡಿಮೆ. ಇಷ್ಟಕ್ಕೇ ಡಾಕ್ಟರ್ ಕಣ್ಣೊರೆಸಿಕೊಂಡರು.

ಎಲ್ಲರೂ ಹೋದ ಮೇಲೆ ಫಾರ್ಮಸಿಸ್ಟ್ ಬಂದು ಪಕ್ಕದಲ್ಲಿ ಕೂತಳು. "ಈಗ ತಲೆ ಆಡಿಸಬಹುದು," ಎಂದು ಅಡ್ಡಡ್ಡ ಆಡಿಸಿದಳು. ತಮ್ಮನದು ಹುಸಿ. ಹುಸಿ ಪಡೆದವರಿಗೆಲ್ಲ ಇನ್ನು ನಿಜವಾದದ್ದು ಕೊಡಲು ಅನುಮತಿ ಸಿಕ್ಕಿದೆ.

ಫೋನ್ ಮಾಡಿ ಹೇಳಿದೆ.

"ಅಂದ್ರೆ ನಾನು ಎಳೆದಿದ್ದು ಬರೀ ಗಾಳಿ?"

"ಹೂಂ."

"ಒಳ್ಳೆ ರುಚಿ ಇತ್ತು ಬಿಡು."

ಜುಲೈ 26, ಶನಿವಾರ, ಮಧ್ಯಾಹ್ನ 12.10

ಲೈಟ್‌ಹೌಸ್ ಕೆಳಗಿನ ಬೆಂಚು. ತಮ್ಮ ತನ್ನ ಕ್ಲಾಸಿನ ಮಕ್ಕಳನ್ನು ಪ್ರವಾಸ ಕರೆತಂದಿದ್ದಾನೆ. ದೊಡ್ಡವರು ಇನ್ನೊಬ್ಬರು ಬೇಕಿತ್ತಂತೆ, ನನ್ನನ್ನು ಎಳೆದುಕೊಂಡು ಬಂದ. ಗುರುವಾರ ನನ್ನ ಕೊನೆಯ ದಿನ. ಟೇಬಲ್ ಖಾಲಿ ಮಾಡಿದ್ದಾಗಿದೆ.

ಪ್ರತಿ ವರ್ಷ ಬರುತ್ತಾನೆ. ಪ್ರತಿ ವರ್ಷ ಮಕ್ಕಳನ್ನು ಮೇಲೆ ಕಳಿಸಿ ಇದೇ ಬೆಂಚಿನಲ್ಲಿ ಚೀಲ ಕಾಯುತ್ತಾನೆ. ಇನ್ನೂರ ಹನ್ನೆರಡು ಮೆಟ್ಟಿಲು. ಒಮ್ಮೆಯೂ ಹತ್ತಿದವನಲ್ಲ.

ಇವತ್ತಿಗೆ ಅವನ ನೆಗಡಿಗೆ ಆರನೇ ದಿನ. ಹೊಸ ಸ್ಪ್ರೇಗೂ ಆರನೇ ದಿನ. ಮೂಗು ಕೆಂಪು, ಎರಡು ಕರವಸ್ತ್ರ ಒದ್ದೆ. ಎದೆ ಸುಮ್ಮನಿದೆ. ಬಸ್ಸಿನಲ್ಲಿ ನಾಚಿಕೆ ಬಿಟ್ಟು ಬೆನ್ನಿಗೆ ಕಿವಿ ಇಟ್ಟು ಕೇಳಿದೆ, ಮಕ್ಕಳೆಲ್ಲ ಕಿಸಕ್ಕೆಂದರು. ಉಬ್ಬಸದ ಸಿಳ್ಳೆ ಇಲ್ಲ. ಒಬ್ಬ ಮನುಷ್ಯ, ಒಂದು ನೆಗಡಿ. ಇದರಿಂದ ಏನೂ ಸಾಬೀತಾಗುವುದಿಲ್ಲ. ಗೊತ್ತು. ಆದರೂ ಬರೆದಿಡುತ್ತೇನೆ.

"ನಿಧಾನಕ್ಕೆ ಹತ್ತು. ಕಷ್ಟ ಆದ್ರೆ ವಾಪಸ್ ಬಾ," ಎಂದೆ.

"ನೀನು ಚೀಲ ಕಾಯಿ," ಎಂದು ಹೋದ.

ಇಪ್ಪತ್ತು ನಿಮಿಷ ಆಯಿತು. ಮೇಲಿನ ಕಟಕಟೆಯಲ್ಲಿ ಮಕ್ಕಳ ತಲೆಗಳು ಒಂದೊಂದೇ ಕಾಣುತ್ತಿವೆ. ಕೆಂಪು ರಿಬ್ಬನ್... ಹಳದಿ ಟೋಪಿ... ಅವನು ಇನ್ನೂ—

ಕಂಡ! ಎರಡೂ ಕೈ ಎತ್ತಿದ್ದಾನೆ. ಏನೋ ಭಾಷಣ ಶುರು ಮಾಡಿದ್ದಾನೆ, ಅಷ್ಟೆತ್ತರದಿಂದ, ಮೂಗಿನ ದನಿಯಲ್ಲಿ. ಸಮುದ್ರ, ಗಾಳಿ, ದಿಕ್ಕು, ಎಲ್ಲವನ್ನೂ ಬೆರಳು ಮಾಡಿ ತೋರಿಸುತ್ತಿದ್ದಾನೆ. ಈಗ ನನ್ನ ಕಡೆ. "ಅಕ್ಕಾ, ಹತ್ತಿ ಬಾ, ಇಲ್ಲಿಂದ ಎಲ್ಲಾ ಕಾಣತ್ತೆ!" ನನ್ನ ಮೊಣಕಾಲಿಗೆ ಇನ್ನೂರ ಹನ್ನೆರಡು... ಮಕ್ಕಳೂ ಸೇರಿ ಕೂಗುತ್ತಿದ್ದಾರೆ. ಆಯ್ತು, ಬಂದೆ ಮಾರಾಯ, ಈ ಚೀಲಗಳನ್ನ ಯಾರಾದರೂ ನೋಡ್ಕೊ—