ಮಾದರಿ ಮನೆಯ ಒಂದು ಹೂಂ

ಗದಗ, ಫೆಬ್ರವರಿ ೩೦, ೨೧೯೧

ಇನ್ನೂ ಸಾಲಿನಲ್ಲಿ ನಿಂತು ಮತ ಹಾಕುತ್ತಿರುವ ಹಿರಿಯರಿಗೆ ಬಸಲಿಂಗವ್ವ ಬಡಿಗೇರಳ ನಮಸ್ಕಾರಗಳು. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತೆಂದು ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನಮ್ಮ ಮಾತುಗಳೂ ವಿಚಿತ್ರವೆನಿಸಿದರೆ ಕ್ಷಮಿಸಿ.

ನಿಮ್ಮ ಚುನಾವಣಾ ಸಮೀಕ್ಷೆಗಳು ಒಮ್ಮೆ ನಿಜವಾಗುತ್ತಿದ್ದವು, ಒಮ್ಮೆ ಮುಗ್ಗರಿಸುತ್ತಿದ್ದವು ಎಂದು ಓದಿದ್ದೇನೆ. ಆಮೇಲೆ ಸತತ ಹತ್ತು ಚುನಾವಣೆಗಳಲ್ಲಿ ಅವು ಕೂದಲೆಳೆಯಷ್ಟೂ ತಪ್ಪಲಿಲ್ಲವಂತೆ. ಇನ್ನು ಮತಗಟ್ಟೆ ಏಕೆಂದು ಅದನ್ನೇ ಕೈಬಿಟ್ಟರು. ಈಗ ಊರಿಗೊಂದು ಮಾದರಿ ಮನೆ. ಎರಡು ವರ್ಷಕ್ಕೊಮ್ಮೆ ಮನಗಣಕ, ಅಂದರೆ ಮನಸ್ಸು ಎಣಿಸುವ ನೌಕರ, ಬರುತ್ತಾನೆ. ಆ ಮನೆಯ ಹಿರಿಯರು ಹೇಳಿದ್ದೇ ಊರಿನ ತೀರ್ಪು. ಗದಗಕ್ಕೆ ನಮ್ಮದೇ ಆ ಮನೆ. ಬೇಡವೆನ್ನುವಂತಿಲ್ಲ, ಊರು ಬಿಡುವಂತಿಲ್ಲ.

ಹೋದ ಸಲ ಮನಗಣಕ ವಿರೂಪಣ್ಣ ಸುಡುಬಿಸಿಲಲ್ಲಿ ಬಂದ. ಮಜ್ಜಿಗೆ, ಗಿರಮಿಟ್ ಕೊಟ್ಟೆ. ಆಗಿನ ಆಡಳಿತದವರು ಹೆರಿಗೆ ಆಸ್ಪತ್ರೆ ಮುಚ್ಚುತ್ತೇವೆಂದು ಸಾರಿದ್ದರು, ನನಗೆ ಗೊತ್ತಿತ್ತು. ಅವನು ಬಾಯೊರೆಸಿಕೊಂಡು, "ಯವ್ವಾ, ಈಗಿದ್ದವ್ರ ಇರ್ಲಿ ಅಂತ ಬರ್ಕೊಳ್ಲೇನ?" ಎಂದ. ಮನೆಗೆ ಬಂದವರ ಮುಖ ಮುರಿದು ನಮಗೆ ಅಭ್ಯಾಸವಿಲ್ಲ. "ಹೂಂನಪ್ಪಾ, ಬರ್ಕೋ" ಎಂದುಬಿಟ್ಟೆ. ನಾಳೆ ಕಚೇರಿಗೆ ಹೋಗಿ ತಿದ್ದಿಸಿದರಾಯಿತು ಎಂಬ ನನ್ನ ಬುದ್ಧಿಗೆ ಏನನ್ನಲಿ!

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕಚೇರಿಯಲ್ಲಿ ಅಧಿಕಾರಿ, "ಈಗ ತಿದ್ದಿದ್ರ ಲೆಕ್ಕ ತಪ್ಪಿದಂಗಾಗ್ತೈತಿ ಯವ್ವಾ. ನಮ್ಮ ಲೆಕ್ಕ ಎಂದೂ ತಪ್ಪಿಲ್ಲ" ಎಂದು ನೀರು ಕೊಟ್ಟು ಕಳಿಸಿದ. ಅದು ನಿಜವೇ. ತಾಳೆ ನೋಡಲು ಮತದಾನವೇ ಇಲ್ಲದಾಗ ಲೆಕ್ಕ ತಪ್ಪುವುದಾದರೂ ಹೇಗೆ?

ಆಸ್ಪತ್ರೆ ಮುಚ್ಚಿತು. ಮೊಮ್ಮಗಳು ನೀಲಾಂಬಿಕೆಯ ಮೊದಲ ಕೂಸು ಹುಬ್ಬಳ್ಳಿಯ ದಾರಿಯಲ್ಲೇ ತೀರಿಕೊಂಡಿತು. ಈಗ ಅವಳಿಗೆ ಮತ್ತೆ ಎಂಟು ತಿಂಗಳು.

ನಾಳೆ ವಿರೂಪಣ್ಣ ಬರುತ್ತಾನೆ. "ಬ್ಯಾಡ" ಎನ್ನಲು ಒಂದು ತಿಂಗಳಿಂದ ಕನ್ನಡಿಯ ಮುಂದೆ ನಿಂತು ರೂಢಿ ಮಾಡಿಕೊಂಡಿದ್ದೆ. ಆದರೆ ನಿನ್ನೆ ಕಚೇರಿಯ ಪತ್ರ ಬಂತು. ನನ್ನ ಹಳೆಯ ಉತ್ತರಗಳಿಂದ ಈ ಸಲದ ಉತ್ತರವನ್ನು ಅವರೇ ಎಣಿಸಿಕೊಂಡಿದ್ದಾರಂತೆ. ಅವನು ಬರುವುದು ಹೆಬ್ಬೆಟ್ಟಿಗೆ ಮಾತ್ರ.

ಹಿರಿಯರೇ, ನಿಮ್ಮ ಬಾಗಿಲಿಗೆ ಯಾರಾದರೂ ಪ್ರಶ್ನೆ ಹೊತ್ತು ಬಂದರೆ ಮಜ್ಜಿಗೆ ಕೊಡಿ, ಬಾಯಿಗೆ ಬಂದದ್ದು ಹೇಳಿ. ಆದರೆ ಮತದಾನದ ದಿನ ತಪ್ಪದೆ ಹೋಗಿ ಸಾಲಿನಲ್ಲಿ ನಿಲ್ಲಿ. ಅವರ ಲೆಕ್ಕ ಆಗಾಗ ತಪ್ಪಲಿ, ನಿಮ್ಮ ಕಾಲು ಹಿಡಿಯುತ್ತೇನೆ.

ನೀಲಾ ಕಟ್ಟೆಯ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಾಳೆ. ನಾನು ನಾಳೆಯ ಮಜ್ಜಿಗೆಗೆ ಹಾಲಿಗೆ ಹೆಪ್ಪು ಹಾಕುತ್ತಿದ್ದೇನೆ.