ಬೂದಿ ಬೇಡವೆಂದ ಶೆಡ್ಡು

ಖಾನಾಪುರ
14 ಮಾರ್ಚ್ 1979

ಪ್ರೀತಿಯ ಗೌರವ್ವಕ್ಕಾ,

ಮೊದಲು ಖರ್ಚು ಹೇಳಿಬಿಡುತ್ತೇನೆ, ಬೇರೆ ರೀತಿಯಲ್ಲಿ ಮಾತು ಶುರುಮಾಡಲು ನನಗೆ ಬರುವುದಿಲ್ಲ. ಪುಣೆಯಿಂದ ಮರಳಿ ಬಂದ ಎಣ್ಣೆ ಎಂಟು ಬ್ಯಾರಲ್, ಲಾರಿ ಬಾಡಿಗೆ ಎರಡು ಸಲ, ಮನೆ ಬಿಟ್ಟುಹೋದ ಅಕ್ಕ ಒಬ್ಬಳು. ಕೈ ಹೇಗಿದೆ? ಕೊಬ್ಬರಿ ಎಣ್ಣೆ ಹಚ್ಚುತ್ತೀಯಾ? ರೊಟ್ಟಿ ಬಡಿಯಲು ಹೋಗಬೇಡ, ನಿನ್ನ ಮಗಳು ಬಡಿಯಲಿ. ಕಾಂತಾ, ಅವ್ವನಿಗೆ ಇದನ್ನು ಓದಿ ಹೇಳುವವಳು ನೀನೇ. ಮಾಮಾನ ಮಾನ ಹೋಗುವ ಸಾಲು ಬಂದಾಗ ನುಂಗಬೇಡ, ಗಟ್ಟಿಯಾಗಿ ಓದು.

ನಮ್ಮ ಕಾಜು ಸಿಪ್ಪೆಯ ಎಣ್ಣೆಯಿಂದ ಪುಣೆಯ ಕಾರ್ಖಾನೆಯವರು ಗಟ್ಟಿ ರಾಳ ಮಾಡಿ ಲಾರಿಯ ಬ್ರೇಕಿಗೆ ಹಾಕುತ್ತಾರೆಂದು ನಾನು ಊರೆಲ್ಲ ಸಾರಿಕೊಂಡು ತಿರುಗಿದೆ. ಒಲೆಗೆ ಹಾಕುವ ಸಿಪ್ಪೆ ಲಾರಿ ನಿಲ್ಲಿಸುತ್ತದೆಂದರೆ ಬಾಜೂ ಅಂಗಡಿಯ ಕರೆಪ್ಪ ನಂಬಲಿಲ್ಲ, ‘ನಿನ್ನ ಬಾಯಿಗೂ ಒಂದು ಬ್ರೇಕ್ ಹಾಕಸ್ಕೊ ಮಾರಾಯಾ’ ಎಂದ. ಆಮೇಲೆ ಬ್ಯಾರಲ್ಲುಗಳು ಮರಳಿದವು, ಎಣ್ಣೆಯಲ್ಲಿ ಬೂದಿ ಹೆಚ್ಚಿದೆ, ರಾಳ ಸರಿಬರುವುದಿಲ್ಲ ಎಂಬ ಚೀಟಿಯೊಂದಿಗೆ. ಬೂದಿ ಎಲ್ಲಿಯದೆಂದು ಹುಡುಕಬೇಕಿರಲಿಲ್ಲ. ಬೀಜ ಒಡೆಯುವ ನೀವು ಹದಿನಾಲ್ಕು ಹೆಣ್ಣುಮಕ್ಕಳು, ಸುಡುವ ಸೊನೆ ತಾಗದಿರಲೆಂದು ಕೈಗೆ ಒಲೆಯ ಬೂದಿ ಮೆತ್ತಿಕೊಳ್ಳುತ್ತಿದ್ದಿರಿ. ಅದೇ ಸಿಪ್ಪೆಗೆ ಅಂಟಿ ಗಾಣಕ್ಕೆ ಹೋಗುತ್ತಿತ್ತು. ‘ಹಣಿ ಮ್ಯಾಲಿನ ಈಬತ್ತಿ ಬಿಟ್ರ ಬ್ಯಾರೆ ಬೂದಿ ನನ್ನ ಶೆಡ್ಡಿನಾಗ ಬರಬಾರ್ದು’ ಎಂದೆ. ಎಲ್ಲರೂ ನಕ್ಕರು. ಜೈತುನಬೀ ಮಾತ್ರ, ‘ಹಂಗಾರ ನೀವ ಬಂದು ನಾಕ ಬೀಜ ಒಡದು ತೋರಸ್ರೀ ಸಾವಕಾರ್ರ’ ಎಂದಳು. ನಾನು ಒಡೆಯಲಿಲ್ಲ. ತಮ್ಮನ ಮಾತು ನೆಲಕ್ಕೆ ಬೀಳಬಾರದೆಂದು ನೀನೇ ಮೊದಲು ಕೈ ತೊಳೆದು ಕೂತೆ. ನಿನ್ನನ್ನು ನೋಡಿ ಅವರೂ ತೊಳೆದರು. ಕೈಗೆ ಹಚ್ಚಲು ಔಡಲೆಣ್ಣೆ ಕೊಡುತ್ತೇನೆ ಎಂದಿದ್ದೆ. ಒಂದು ಡಬ್ಬಿ ತಂದೆ, ಎರಡನೆಯದು ದುಬಾರಿ ಎನಿಸಿತು. ಸಿಪ್ಪೆಯನ್ನೇ ತೊಳೆದು ಒಣಗಿಸಿದ್ದರೆ ಬೂದಿ ಹೋಗುತ್ತಿತ್ತು, ಎರಡು ದಿನ ತಡ, ಅಷ್ಟೇ. ಅದು ಆಗಲೂ ಗೊತ್ತಿತ್ತು ಅಕ್ಕಾ.

ತಿಂಗಳ ನಂತರ ನಿನ್ನನ್ನು ನೋಂದಣಿ ಕಚೇರಿಗೆ ಕರೆದೊಯ್ದೆ. ಶೆಡ್ಡಿನ ಜಾಗ ಅಪ್ಪ ದುಡಿದು ಕೊಂಡದ್ದು, ಅರ್ಧ ನಿನ್ನದು. ಆ ಅರ್ಧವನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದೇನೆಂದು ನೀನು ಹೆಬ್ಬೆಟ್ಟು ಒತ್ತಬೇಕಿತ್ತು. ಒತ್ತಿದೆ. ಕಾಗದದ ಮೇಲೆ ಬರೀ ಕಪ್ಪು ಮಚ್ಚೆ, ಒಂದು ಗೆರೆಯೂ ಮೂಡಲಿಲ್ಲ. ಇನ್ನೊಂದು ಕೈಯದೂ ಹಾಗೆಯೇ. ಗುಮಾಸ್ತ ಮುಖ ಎತ್ತಿ, ‘ಏನಾತಬೇ ಯಕ್ಕಾ, ಬಟ್ಟಿಗೆ?’ ಎಂದು ಕೇಳಿದ. ನೀನು ಬಾಯಿ ತೆರೆಯುವ ಮೊದಲೇ ನಾನು, ‘ಒಲಿ ಮುಂದ ಸುಟ್ಕೊಂಡಾಳ್ರೀ, ಲಕ್ಷ್ಯ ಇರಂಗಿಲ್ಲ ಆಕಿಗೆ’ ಎಂದೆ. ನೀನು ನನ್ನನ್ನೊಮ್ಮೆ ನೋಡಿ, ಸೆರಗಿನಿಂದ ಶಾಯಿ ಒರೆಸಿಕೊಂಡು ಸ್ಟೇಶನ್ನಿಗೆ ನಡೆದೆ. ರೈಲು ದೇಸೂರು ದಾಟುವುದರೊಳಗೆ ಸಿಟ್ಟು ಇಳಿದೀತು ಎಂದುಕೊಂಡಿದ್ದೆ. ನೀನು ಬೆಳಗಾವಿ ಸೇರಿ ಹನ್ನೆರಡು ದಿನವಾಯಿತು.

ಹಿರಿಯಳಿಗೆ ನಾನು ಹರಸುವ ಹಾಗಿಲ್ಲ. ಪಾದ ಮುಟ್ಟುತ್ತೇನೆ, ಮುಖ ಎತ್ತುವುದಿಲ್ಲ. ಕಾಂತಾಳಿಗೆ ಆಶೀರ್ವಾದ.

ನಿನ್ನ ತಮ್ಮ,
ಗುರುಪಾದಪ್ಪ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು. ನಿನ್ನೆ ಆ ಗುಮಾಸ್ತನ ಮುಂದೆ ನಿಂತು, ಅಕ್ಕನ ಕೈ ಸುಟ್ಟಿದ್ದು ಒಲೆಯಲ್ಲ, ನನ್ನ ಶೆಡ್ಡು ಎಂದು ಹೇಳಿ ಬಂದೆ. ನಿನ್ನ ಪಾಲಿನ ಹಕ್ಕು ಬಿಡುಗಡೆ ಪತ್ರ ಹರಿದಿದ್ದೇನೆ. ಪುಣೆಯವರಿಗೆ ಸ್ವಚ್ಛ ಎಣ್ಣೆ ಸಿಕ್ಕಿತು. ಲಾರಿಗಳಿಗೆ ಬ್ರೇಕು. ನನಗೆ ಸಾವಕಾರನೆಂಬ ಹೆಸರು. ಹದಿಮೂರು ಮಂದಿಗೆ ಕೂಲಿ, ಜೊತೆಗೆ ತೊಗಲು ಸುಲಿದ ಕೈ. ನಿನಗೆ ಅರ್ಧ ಜಾಗ. ಅದು ಮೊದಲೂ ನಿನ್ನದೇ ಆಗಿತ್ತು.